ಮುಂಡರಗಿಯಲ್ಲೇ ಕೂತು ಐಐಟಿ ಪಾಠ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಡಿಗ್ರಿ ವಿದ್ಯಾರ್ಥಿಗಳೇ, ಸ್ವಲ್ಪ ಕೇಳ್ರಿ. ನಿಮ್ಮ ಕಾಲೇಜಿನಲ್ಲಿ ಇಲ್ಲದ ವಿಷಯವನ್ನೂ ನೀವು ಓದಬಹುದು.

ಅದಕ್ಕಿರುವ ದಾರಿ ‘ಸ್ವಯಂ’. ಕೇಂದ್ರ ಸರ್ಕಾರ 2017ರ ಜುಲೈ 9ರಂದು ಉದ್ಘಾಟಿಸಿದ ಜಾಲತಾಣ. ಐಐಟಿ ಪ್ರಾಧ್ಯಾಪಕರ ಪಾಠವೂ ಇಲ್ಲಿ ಉಚಿತ. ವಿಡಿಯೊ ನೋಡಿ, ಟಿಪ್ಪಣಿ ಓದಿ, ಅಸೈನ್‌ಮೆಂಟ್ ಮಾಡಿ. ಸರ್ಟಿಫಿಕೇಟ್ ಬೇಕಿದ್ದರೆ ಮಾತ್ರ ಶುಲ್ಕ ಕಟ್ಟಿ, ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು.

ಈಗ ಮುಖ್ಯ ಮಾತು. ಯುಜಿಸಿಯ 2021ರ ನಿಯಮದಂತೆ ಒಂದು ಸೆಮಿಸ್ಟರಿನ ಕೋರ್ಸ್‌ಗಳಲ್ಲಿ ಶೇ 40ರವರೆಗೆ ಸ್ವಯಂ ಮೂಲಕ ಓದಲು ವಿಶ್ವವಿದ್ಯಾಲಯ ಅವಕಾಶ ಕೊಡಬಹುದು. ‘ಕೊಡಬಹುದು’ ಅಂದೆ, ಗಮನಿಸಿ. ಹೆಸರು ನೋಂದಾಯಿಸುವ ಮೊದಲೇ ನಿಮ್ಮ ಕಾಲೇಜಿನಲ್ಲಿ ಕೇಳಿ: ಈ ಕೋರ್ಸಿನ ಕ್ರೆಡಿಟ್ ನನ್ನ ಅಂಕಪಟ್ಟಿಗೆ ಸೇರುತ್ತದೆಯೇ? ಪರೀಕ್ಷೆ ಮುಗಿದ ಮೇಲೆ ಕೇಳಿದರೆ ತಡವಾದೀತು.

ಊರಲ್ಲಿ ನೆಟ್‌ವರ್ಕ್ ಸಿಗಲ್ಲವೇ? ಕೇಂದ್ರ ಸರ್ಕಾರದ್ದೇ ಆದ ‘ಸ್ವಯಂ ಪ್ರಭಾ’ ವಾಹಿನಿಗಳು ಡಿಟಿಎಚ್‌ನಲ್ಲಿ ಬರುತ್ತವೆ, ಇಂಟರ್ನೆಟ್ ಬೇಕಿಲ್ಲ.

ನಿಜವಾದ ಕಷ್ಟ ಭಾಷೆಯದು. ಹೆಚ್ಚಿನ ಪಾಠಗಳು ಇಂಗ್ಲಿಷಿನಲ್ಲೇ ಇವೆ. ನಾಲ್ಕು ಜನ ಗೆಳೆಯರು ಸೇರಿ ನೋಡಿ, ತಿಳಿಯದ ಕಡೆ ವಿಡಿಯೊ ನಿಲ್ಲಿಸಿ, ಮರುದಿನ ನಿಮ್ಮ ಮೇಷ್ಟ್ರನ್ನು ಕೇಳಿ. ಮೇಷ್ಟ್ರ ಕೆಲಸ ಮೊಬೈಲಿನಿಂದ ಮುಗಿಯುವುದಿಲ್ಲ. ಇನ್ನು, ಕನ್ನಡದಲ್ಲೇ ಪಾಠ ಬಂದರೆ ಈ ಭಾಷೆಯ ಕಷ್ಟ ಕಡಿಮೆಯಾದೀತು. ಗದಗಿನಲ್ಲೇ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಇದೆ. ಹಳ್ಳಿಯ ನೀರು, ಪಂಚಾಯಿತಿ ಲೆಕ್ಕಪತ್ರದ ಪಾಠಗಳು ಕನ್ನಡದಲ್ಲಿ ಅಲ್ಲಿಂದ ಎಷ್ಟು ಬಂದರೂ ಬೇಕು.

ಜನವರಿ, ಜುಲೈ ಸೆಮಿಸ್ಟರ್‌ಗಳಿಗೆ ಸ್ವಯಂನಲ್ಲಿ ಹೊಸ ಕೋರ್ಸ್‌ಗಳು ತೆರೆಯುತ್ತವೆ. ಮೊದಲಿಗೆ ಒಂದೇ ಕೋರ್ಸ್ ತಗೊಳ್ರಿ.