ಕಡತಗಳ ಸಂರಕ್ಷಣೆ

ಸಂಶೋಧನೆ, ಬ್ಯಾಂಕು, ಆಸ್ಪತ್ರೆ, ಆಡಳಿತ ಮೊದಲಾದ ಕ್ಷೇತ್ರಗಳ ದಾಖಲೆಗಳಲ್ಲಿ ಬಹುಪಾಲು ಇಂದು ಕಂಪ್ಯೂಟರಿನ ಕಡತಗಳಾಗಿ ಉಳಿದುಕೊಂಡಿವೆ. ಕಾಗದಕ್ಕೆ ಗೆದ್ದಲಿನ ಭಯವಿರುವಂತೆ ಈ ಕಡತಗಳಿಗೂ ಅವುಗಳದೇ ಆದ ಅಪಾಯಗಳುಂಟು. ಯಂತ್ರ ಕೆಡಬಹುದು, ಕಟ್ಟಡಕ್ಕೆ ಬೆಂಕಿ ತಗಲಬಹುದು, ಮನುಷ್ಯನೇ ಎಡವಬಹುದು.

ಆದುದರಿಂದ ದೊಡ್ಡ ಸಂಸ್ಥೆಗಳು ಒಂದೇ ಯಂತ್ರವನ್ನು ನೆಚ್ಚಿ ಕೂರುವುದಿಲ್ಲ. ಅವು ಹಲವು ಸರ್ವರುಗಳನ್ನು ಜಾಲದ ಮೂಲಕ ಜೋಡಿಸಿ ಒಂದು ಸಮೂಹವನ್ನಾಗಿ ಮಾಡುತ್ತವೆ. ಇದಕ್ಕೆ ‘ಕ್ಲಸ್ಟರ್’ ಎಂದು ಹೆಸರು. ಬಳಸುವವರಿಗೆ ಅದು ಒಂದೇ ಉಗ್ರಾಣದಂತೆ ತೋರುತ್ತದೆ. ಅನೇಕ ಸಮೂಹಗಳಲ್ಲಿ ಒಂದೇ ಕಡತವನ್ನು ಎರಡು ಮೂರು ಯಂತ್ರಗಳಲ್ಲಿ ಬರೆದಿಡುವ ಏರ್ಪಾಡಿರುತ್ತದೆ. ಒಂದು ಯಂತ್ರ ನಿಂತರೂ ಉಳಿದವು ಕೆಲಸವನ್ನು ಮುಂದುವರಿಸುತ್ತವೆ.

ಹೀಗಿರುವಾಗ ಬೇರೊಂದು ಪ್ರತಿ ಏತಕ್ಕೆ? ಸಮೂಹದ ಯಂತ್ರಗಳು ಒಂದೇ ಆಜ್ಞೆಯನ್ನು ಪಾಲಿಸುತ್ತವೆ ಎಂಬುದೇ ಇದಕ್ಕೆ ಉತ್ತರ. ಕಡತವನ್ನು ಅಳಿಸುವಂತೆ ಆಜ್ಞೆ ಬಂದರೆ ಅದು ಎಲ್ಲ ಯಂತ್ರಗಳಿಂದಲೂ ಒಮ್ಮೆಲೇ ಅಳಿದುಹೋಗುತ್ತದೆ. 2011ರ ಫೆಬ್ರವರಿಯಲ್ಲಿ ಗೂಗಲ್ ಸಂಸ್ಥೆಯ ತಂತ್ರಾಂಶದಲ್ಲಿ ದೋಷವೊಂದು ತಲೆದೋರಿ, ಜಿಮೇಲ್ ಬಳಸುವವರಲ್ಲಿ ಕೆಲವರ ಪತ್ರಗಳು ಮಾಯವಾದವು. ಹಲವು ಕೇಂದ್ರಗಳಲ್ಲಿದ್ದ ಪ್ರತಿಗಳೂ ಆ ದೋಷಕ್ಕೆ ಸಿಲುಕಿದ್ದವು. ಜಾಲದಿಂದ ಬೇರೆಯಾಗಿ ಕಾಂತಪಟ್ಟಿಗಳಲ್ಲಿ ಇರಿಸಿದ್ದ ಪ್ರತಿಗಳಿಂದ ಅವುಗಳನ್ನು ಮರಳಿ ಪಡೆಯಲಾಯಿತು.

ಹೀಗೆ ಬೇರೆಯಾಗಿ ಕಾದಿಡುವ ಪ್ರತಿಯೇ ‘ಬ್ಯಾಕಪ್’. ಸಮೂಹದಲ್ಲಿ ಇದನ್ನು ತೆಗೆಯುವುದು ಸುಲಭವಲ್ಲ. ಕಡತಗಳು ಅಸಂಖ್ಯ, ನಕಲು ನಡೆಯುತ್ತಿರುವಾಗಲೇ ಅವು ಬದಲಾಗುತ್ತಲೂ ಇರುತ್ತವೆ. ಆದುದರಿಂದ ಮೊದಲು ಒಂದು ಕ್ಷಣದ ಸ್ಥಿತಿಯನ್ನು ಹಾಗೆಯೇ ಹಿಡಿದಿಟ್ಟು, ಅದರಿಂದ ನಕಲು ಮಾಡುತ್ತಾರೆ. ಇದನ್ನು ‘ಸ್ನ್ಯಾಪ್‌ಶಾಟ್’ ಎನ್ನುವರು. ಮೊದಲ ಸಲ ಎಲ್ಲವನ್ನೂ ನಕಲಿಸಿ, ಅನಂತರ ಬದಲಾದ ಕಡತಗಳನ್ನು ಮಾತ್ರ ಸೇರಿಸುತ್ತಾ ಹೋಗುವುದು ವಾಡಿಕೆ. ಹಲವು ಯಂತ್ರಗಳು ಈ ಕೆಲಸವನ್ನು ಹಂಚಿಕೊಂಡರೆ ಕಾಲವೂ ಉಳಿಯುತ್ತದೆ.

ಆದರೆ ಕಾವಲುಗಾರನ ಮೇಲೂ ಒಂದು ಕಣ್ಣಿರಬೇಕು. ಜಪಾನಿನ ಕ್ಯೋಟೊ ವಿಶ್ವವಿದ್ಯಾನಿಲಯದ ಮಹಾಗಣಕದಲ್ಲಿ 2021ರ ಡಿಸೆಂಬರಿನಲ್ಲಿ ನಡೆದ ಅವಘಡವೇ ಇದಕ್ಕೆ ಸಾಕ್ಷಿ. ಬ್ಯಾಕಪ್ ಮಾಡುವ ಆಜ್ಞಾವಳಿಯು ನಡೆಯುತ್ತಿರುವಾಗಲೇ ಅದರ ಜಾಗದಲ್ಲಿ ತಿದ್ದಿದ ಹೊಸ ಆಜ್ಞಾವಳಿಯನ್ನು ಇರಿಸಲಾಯಿತು. ಯಂತ್ರವು ನಡುವಿನಿಂದ ಹೊಸದನ್ನು ಓದತೊಡಗಿತು. ಹಳೆಯ ದಿನಚರಿ ಕಡತಗಳನ್ನು ಮಾತ್ರ ಅಳಿಸಬೇಕಾಗಿದ್ದ ಆಜ್ಞೆಯು ಸಂಶೋಧನೆಯ ಕಡತಗಳನ್ನೇ ಅಳಿಸಿಹಾಕಿತು. ಸುಮಾರು 77 ಟೆರಾಬೈಟ್ ಪ್ರಮಾಣದ, 3 ಕೋಟಿ 40 ಲಕ್ಷದಷ್ಟು ಕಡತಗಳು ನಷ್ಟವಾದವು. 14 ಸಂಶೋಧನಾ ತಂಡಗಳು ಇದಕ್ಕೆ ಗುರಿಯಾದವು. ಅವುಗಳಲ್ಲಿ 4 ತಂಡಗಳ ಕಡತಗಳನ್ನು ಬ್ಯಾಕಪ್‌ನಿಂದ ಮರಳಿ ಪಡೆಯಲಾಗಲಿಲ್ಲ. ಕಾಯಬೇಕಾದ ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಆದುದರಿಂದ ತಜ್ಞರು ಸರಳವಾದ ಒಂದು ನಿಯಮವನ್ನು ಹೇಳುತ್ತಾರೆ: ಮುಖ್ಯವಾದ ಕಡತಕ್ಕೆ ಒಟ್ಟು 3 ಪ್ರತಿಗಳಿರಲಿ, ಅವು 2 ಬಗೆಯ ಸಾಧನಗಳಲ್ಲಿರಲಿ, 1 ಪ್ರತಿಯಾದರೂ ಬೇರೆ ಊರಿನಲ್ಲೋ ಬೇರೆ ಕಟ್ಟಡದಲ್ಲೋ ಇರಲಿ. ಪ್ರತಿಯನ್ನು ಇಟ್ಟರಷ್ಟೇ ಸಾಲದು. ಅದರಿಂದ ಕಡತವು ಮರಳಿ ಬರುವುದೇ ಎಂದು ಆಗಾಗ ಪರೀಕ್ಷಿಸಬೇಕು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವೇನು? ಯಂತ್ರವನ್ನು ಹೊಸದಾಗಿ ಕೊಳ್ಳಬಹುದು. ವರ್ಷಗಟ್ಟಲೆ ದುಡಿದು ಗಳಿಸಿದ ಅರಿವನ್ನು ಕೊಳ್ಳಲಾಗದು.