ಒಂದು ಕಂಬಳಿಯ ಲೆಕ್ಕ

ಕಾಸ್ಟ್ ಅಕೌಂಟಿಂಗ್ ಪುಸ್ತಕದಲ್ಲಿ ಬರುವ ಲೆಕ್ಕಗಳೆಲ್ಲ ಕಾರ್ಖಾನೆಯವು. ಒಂದು ಕಂಪನಿ ಸಾಬೂನು ಮಾಡುತ್ತದೆ, ಇನ್ನೊಂದು ಕುರ್ಚಿ ಮಾಡುತ್ತದೆ. ಕಚ್ಚಾ ಮಾಲು ಇಷ್ಟು, ಕೂಲಿ ಇಷ್ಟು, ಮೇಲು ಖರ್ಚು ಇಷ್ಟು ಎಂದು ಬರೆದು ಅಡಿಗೆರೆ ಎಳೆದರೆ ಮುಗಿಯಿತು. ಇದೇ ಪದ್ಧತಿಯನ್ನು ನಮ್ಮ ಕಡೆಯ ಕರಿ ಕಂಬಳಿಗೆ ಹಚ್ಚಿ ನೋಡಿದರೆ ಏನಾದೀತು? ಈ ಲೇಖನದಲ್ಲಿ ಆ ಪ್ರಯತ್ನ ಮಾಡಿದ್ದೇನೆ. ಕಾಮರ್ಸ್ ಓದದ ಸ್ನೇಹಿತರು ಹೆದರಬೇಕಾಗಿಲ್ಲ. ಕೂಡಿಸುವುದು, ಭಾಗಿಸುವುದು ಬಂದರೆ ಸಾಕು.

ಪುಣೆಯಲ್ಲಿರುವ ನಮಗೆ ಕಂಬಳಿ ಅಪರಿಚಿತವೇನಲ್ಲ. ಇಲ್ಲಿ ಅದಕ್ಕೆ ಘೊಂಗಡಿ ಎನ್ನುತ್ತಾರೆ. ನಮ್ಮಲ್ಲಿ ಕುರುಬರ ಹೆಗಲ ಮೇಲೆ ಕಾಣುವುದು ಇಲ್ಲಿ ಧನಗರರ ಹೆಗಲ ಮೇಲೆ ಕಾಣುತ್ತದೆ. ಭಾಷೆ ಬೇರೆಯಾದರೂ ಕುರಿ ಒಂದೇ. ಅದರ ಹೆಸರು ದಖನಿ ಕುರಿ. ಮಹಾರಾಷ್ಟ್ರ, ಉತ್ತರ ಕರ್ನಾಟಕ, ತೆಲಂಗಾಣದ ಒಣ ಬಯಲುಗಳಲ್ಲಿ ಮೈಲಿಗಟ್ಟಲೆ ನಡೆದು, ಸಿಕ್ಕಿದ್ದನ್ನು ಮೇಯ್ದು ಬದುಕುವ ಗಟ್ಟಿ ಜೀವ. ಬಣ್ಣ ಹೆಚ್ಚಾಗಿ ಕಪ್ಪು. ಆದ್ದರಿಂದ ಕಂಬಳಿಗೆ ಬಣ್ಣ ಹಾಕುವ ಖರ್ಚಿಲ್ಲ. ಕುರಿಯ ಬಣ್ಣವೇ ಕಂಬಳಿಯ ಬಣ್ಣ.

ವರ್ಷಕ್ಕೆ ಎರಡು ಸಲ ಕುರಿಯ ಮೈ ತೊಳೆದು ಉಣ್ಣೆ ಕತ್ತರಿಸುತ್ತಾರೆ. ಆಸ್ಟ್ರೇಲಿಯಾದ ಮೆರಿನೊ ಕುರಿ ವರ್ಷಕ್ಕೆ ನಾಲ್ಕೈದು ಕೆ.ಜಿ. ಮೆತ್ತನೆಯ ಉಣ್ಣೆ ಕೊಡುತ್ತದೆ. ನಮ್ಮ ದಖನಿ ಕುರಿ ಒಂದು ಸಲಕ್ಕೆ ಕೊಡುವುದು ಅರ್ಧ ಕೆ.ಜಿ.ಗೂ ಕಡಿಮೆ, ಅದೂ ಒರಟು. ಸ್ವೆಟರಿಗೆ ಬಾರದು, ಮೈಗೆ ಚುಚ್ಚುತ್ತದೆ. ಮರಿಯ ಮೊದಲ ಉಣ್ಣೆ ಮಾತ್ರ ಸ್ವಲ್ಪ ಮೃದು. ಆದರೆ ಅಡವಿಯಲ್ಲಿ ಮಲಗುವ ಕುರಿಗಾಹಿಗೆ ಬೇಕಾದದ್ದು ಈ ಒರಟುತನವೇ. ಅವನ ಕಂಬಳಿ ರಾತ್ರಿ ಹಾಸಿಗೆ, ಚಳಿಗೆ ಹೊದಿಕೆ, ಮಳೆಗೆ ಕೊಪ್ಪೆ. ಮದುವೆ, ಜಾತ್ರೆಯ ದಿನ ಅದೇ ಗದ್ದುಗೆ.

ಮಳೆಯಲ್ಲಿ ಕಂಬಳಿ ಹೇಗೆ ಬೆಚ್ಚಗಿಡುತ್ತದೆ ಎಂದು ಸೈನ್ಸ್ ವಿಭಾಗದ ಗೆಳೆಯನನ್ನು ಕೇಳಿದ್ದೆ. ಉಣ್ಣೆಯ ಎಳೆಯ ಮೇಲೆ ಜಿಡ್ಡಿರುತ್ತದೆ, ಅದು ಹನಿಯನ್ನು ಜಾರಿಸುತ್ತದೆ. ಎಳೆಯ ಒಳಭಾಗ ಮಾತ್ರ ತೇವವನ್ನು ಹೀರುತ್ತದೆ. ತನ್ನ ತೂಕದ ಸುಮಾರು ಶೇ. 30ರಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ನಮ್ಮ ಹಾಸ್ಟೆಲಿನ ಪಾಲಿಯೆಸ್ಟರ್ ಹೊದಿಕೆಗೆ ಈ ಗುಣಗಳಿಲ್ಲ. ಅದರ ದೊಡ್ಡ ಗುಣ, ಅಗ್ಗ ಮತ್ತು ಹಗುರ.

ಇನ್ನು ತಯಾರಿಕೆ. ಕತ್ತರಿಸಿದ ಉಣ್ಣೆಯಲ್ಲಿ ಮುಳ್ಳು, ಹುಲ್ಲಿನ ಬೀಜ, ಹಿಕ್ಕೆ ಎಲ್ಲ ಇರುತ್ತದೆ. ಅದನ್ನು ಕೈಯಲ್ಲಿ ಬಿಡಿಸಬೇಕು. ಆಮೇಲೆ ಬಿಲ್ಲಿನಿಂದ ಹಿಂಜುವುದು. ಬಿಲ್ಲಿನ ಹೆದೆಯನ್ನು ಉಣ್ಣೆಗೆ ತಾಗಿಸಿ ಮಿಡಿದರೆ ಗಂಟು ಗಂಟಾದ ಉಣ್ಣೆ ಹತ್ತಿಯಂತೆ ಅರಳುತ್ತದೆ, ಧೂಳು ಕೆಳಗೆ ಉದುರುತ್ತದೆ. ಅರಳಿದ್ದನ್ನು ಹಂಜಿ ಮಾಡಿ ರಾಟಿಯಲ್ಲಿ ನೂಲಬೇಕು. ಸಾಮಾನ್ಯವಾಗಿ ಕತ್ತರಿ ಮತ್ತು ಮಗ್ಗ ಗಂಡಸರ ಕೈಯಲ್ಲಿ, ರಾಟಿ ಹೆಂಗಸರ ಕೈಯಲ್ಲಿ. ಈ ಮಾತನ್ನು ನೆನಪಿಡಿ, ಮುಂದೆ ಲೆಕ್ಕದಲ್ಲಿ ಬರುತ್ತದೆ.

ನೂಲು ಆಯಿತು ಎಂದ ಕೂಡಲೇ ಮಗ್ಗಕ್ಕೆ ಏರಿಸಲಾಗದು. ಕೈಯಿಂದ ನೂತ ಒಂಟಿ ಎಳೆಯ ಮೈತುಂಬ ಕೂದಲು. ಹಾಗೇ ಬಿಟ್ಟರೆ ಒಂದಕ್ಕೊಂದು ಹೆಣೆದುಕೊಂಡು ಹರಿಯುತ್ತವೆ. ಇದಕ್ಕೆ ಮದ್ದು ಹುಣಸೆ ಬೀಜ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು, ಗಂಜಿ ಕಾಯಿಸುತ್ತಾರೆ. ಹಾಸಿನ ಎಳೆಗಳನ್ನು ಬಯಲಲ್ಲಿ ಉದ್ದಕ್ಕೆ ಬಿಗಿದು, ಕುಂಚದಿಂದ ಈ ಗಂಜಿ ಸವರಿ ಬಿಸಿಲಿಗೆ ಒಣಗಿಸಿದರೆ ಕೂದಲೆಲ್ಲ ಎಳೆಗೆ ಅಂಟಿಕೊಂಡು ದಾರ ತಂತಿಯಂತಾಗುತ್ತದೆ. ಹೊಸ ಕಂಬಳಿ ರಟ್ಟಿನಂತೆ ಸೆಡೆತುಕೊಂಡಿರುವುದು ಇದರಿಂದಲೇ. ತೊಳೆದಂತೆಲ್ಲ ಗಂಜಿ ಹೋಗಿ ಮೆತ್ತಗಾಗುತ್ತದೆ.

ನೇಯುವುದು ಕುಣಿ ಮಗ್ಗದಲ್ಲಿ. ನೆಲದಲ್ಲಿ ಒಂದು ಕುಣಿ ತೋಡಿ, ನೇಕಾರ ಅದರ ಅಂಚಿಗೆ ಕೂತು ಕಾಲು ಇಳಿಬಿಡುತ್ತಾನೆ. ಕಾಲಿನಿಂದ ತುಳಿದಾಗ ಹಾಸಿನ ಎಳೆಗಳಲ್ಲಿ ಅರ್ಧ ಮೇಲೆ, ಅರ್ಧ ಕೆಳಗೆ ಹೋಗಿ ನಡುವೆ ದಾರಿಯಾಗುತ್ತದೆ. ಆ ದಾರಿಯಲ್ಲಿ ಹೊಕ್ಕಿನ ನೂಲನ್ನು ಹಾಯಿಸಿ, ಬಡಿದು ಕೂರಿಸಬೇಕು. ಮತ್ತೆ ತುಳಿ, ಮತ್ತೆ ಹಾಯಿಸು, ಮತ್ತೆ ಬಡಿ. ಮಗ್ಗದಿಂದ ಇಳಿಸಿದ ಮೇಲೆ ಅಂಚು ಬಿಚ್ಚದಂತೆ ದಬ್ಬಣದಿಂದ ದಪ್ಪ ದಾರದ ಹೊಲಿಗೆ ಹಾಕಿದರೆ ಕಂಬಳಿ ಸಿದ್ಧ.

ರಾಣೆಬೆನ್ನೂರು ತಾಲೂಕಿನ ಮೆಡ್ಲೇರಿ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಂಬಳಿಗೆ ಹೆಸರಾದ ಊರುಗಳು. ಅಂಥ ಊರುಗಳಲ್ಲಿ ಇದು ಕಸುಬು. ನಾನು ಲೆಕ್ಕ ಹಾಕಿದ್ದು ಮಾತ್ರ ಒಂದು ಹವ್ಯಾಸದ ಮಗ್ಗದ್ದು. ನನ್ನ ಸೋದರಮಾವ ಹಾವೇರಿ ಕಡೆಯ ಒಂದು ಹಳ್ಳಿಯಲ್ಲಿದ್ದಾರೆ. ಹೈಸ್ಕೂಲಿನಲ್ಲಿ ಗುಮಾಸ್ತರು. ಅಜ್ಜನ ಮಗ್ಗವನ್ನು ಬಿಡಲಾಗದೆ ರವಿವಾರ ಮತ್ತು ರಜೆಯಲ್ಲಿ ನೇಯುತ್ತಾರೆ. ಮನೆಯಲ್ಲಿ ಆರು ಕುರಿ, ಒಂದು ಎಮ್ಮೆ, ಒಂದಿಷ್ಟು ಕೋಳಿ. ಮಗ್ಗದ ಕುಣಿ ಇರುವುದು ಪಡಸಾಲೆಯಲ್ಲಿ. ಅದನ್ನು ಮುಚ್ಚಿಸಿ ಗಿಲಾವು ಮಾಡಿಸಿ ಮಂಚ ಹಾಕೋಣ ಎಂದು ಅವರ ಹಿರಿಯ ಮಗನ ಹಟ. ಮಾಮಾನಿಗೆ ಮನಸ್ಸಿಲ್ಲ. ಕಳೆದ ರಜೆಯಲ್ಲಿ ನನ್ನನ್ನು ಕರೆದು, "ನೀ ಕಾಮರ್ಸ್ ಓದಾಕತ್ತೀಯಲ್ಲೋ ತಮ್ಮಾ, ಒಂದು ಲೆಕ್ಕಾ ಹಾಕಿ ಹೇಳು. ಇದರಾಗ ಲುಕ್ಸಾನು ಎಷ್ಟೈತಿ?" ಅಂದರು.

ಎರಡು ಕೆ.ಜಿ.ಯ ಒಂದು ಕಂಬಳಿಗೆ ಹಿಡಿದ ಹೊತ್ತನ್ನು ಬರೆದುಕೊಂಡೆ. ಕತ್ತರಿಸಿ, ತೊಳೆದು, ಬಿಡಿಸಲು 8 ಗಂಟೆ. ಹಿಂಜಲು 6. ನೂಲಲು 40. ಹಾಸು ಹಾಕಿ ಗಂಜಿ ಸವರಲು 8. ನೇಯಲು 16. ಅಂಚಿನ ಹೊಲಿಗೆಗೆ 2. ಒಟ್ಟು 80 ಗಂಟೆ. ಸಂತೆಯಲ್ಲಿ ಅದಕ್ಕೆ ಬಂದ ಬೆಲೆ 1,200 ರೂಪಾಯಿ. ಉಣ್ಣೆ ಪುಕ್ಕಟೆ ಎಂದೇ ಹಿಡಿದರೂ ಗಂಟೆಗೆ 15 ರೂಪಾಯಿ ಬಿತ್ತು. ಯಾವ ಕೂಲಿಯವರೂ ಈ ದರಕ್ಕೆ ಬರಲಾರರು. ನನ್ನ ಮಾವನ ಮಗ ಗೆದ್ದ ಹಾಗೆಯೇ ಆಯಿತು.

ಆದರೆ ಮಾಮಾ ಹೇಳಿದ್ದು ಬೇರೆ. "ನನಗ ಕೂಲಿ ಬ್ಯಾಡೋ. ನಾ ಖುಷಿಗೆ ನೇಯತೀನಿ." ಹವ್ಯಾಸಕ್ಕೆ ಕೂಲಿ ಹಚ್ಚಬಾರದು ಎಂಬುದು ಅವರ ವಾದ. ಕ್ರಿಕೆಟ್ ಆಡಿ ಬಂದು ಯಾರೂ ಸಂಬಳ ಕೇಳುವುದಿಲ್ಲ. ಸರಿ ಎಂದು ಕೂಲಿಯ ಕಾಲಮ್ಮನ್ನು ಹೊಡೆದುಹಾಕಲು ಹೊರಟಾಗ, ರಾಟಿಯ ಮುಂದೆ ಕೂತಿದ್ದ ಅತ್ತಿ ಬಾಯಿ ಬಿಟ್ಟರು. "ಅವರಿಗೆ ಹವ್ಯಾಸ, ತಮ್ಮಾ. ಬ್ಯಾಸರಾದ್ರ ಮಗ್ಗದಿಂದ ಎದ್ದು ಹೋಗ್ತಾರ. ನಾ ರಾಟಿ ಬಿಟ್ಟು ಎದ್ರ ಮಗ್ಗಾನ ನಿಲ್ತೈತಿ. ನನ್ನ ಹವ್ಯಾಸ ಕೌದಿ ಹೊಲಿಯೋದು. ಅದನ್ನ ಮುಟ್ಟಿ ವರ್ಷಾತು."

ನಾನು ಹಾಳೆಯನ್ನು ಮತ್ತೆ ನೋಡಿದೆ. 80ರಲ್ಲಿ ನೂಲುವುದೇ 40. ಮಗ್ಗದ ಪಾಲು ಬರೀ 16. ಕಂಬಳಿ ಎಂದರೆ ನಮಗೆ ನೇಕಾರನ ಚಿತ್ರ ಕಣ್ಣಿಗೆ ಬರುತ್ತದೆ, ಆದರೆ ಕಂಬಳಿಯ ಅರ್ಧ ವೇಳೆ ರಾಟಿಯ ಮೇಲೆ ಕಳೆದಿರುತ್ತದೆ. ಮಾಮಾನ ಖುಷಿಯನ್ನು ಲೆಕ್ಕದಿಂದ ಬಿಡಬಹುದು. ಅತ್ತಿಯ 40 ಗಂಟೆಯನ್ನು ಬಿಡುವ ಹಕ್ಕು ಅವರಿಗಾಗಲಿ ನನಗಾಗಲಿ ಇಲ್ಲ. ಕೌದಿ ಎಂದರೆ ಹಳೆಯ ಸೀರೆ, ಧೋತರಗಳನ್ನು ಪದರವಾಗಿ ಇಟ್ಟು ಎಳೆ ಹೊಲಿಗೆ ಹಾಕುವ ಹೊದಿಕೆ. ಯಾವ ತುಂಡು ಎಲ್ಲಿ ಕೂಡಬೇಕು ಎಂಬುದನ್ನು ಹೊಲಿಯುವವಳೇ ತೀರ್ಮಾನಿಸುತ್ತಾಳೆ. ಬೇಕಾದಾಗ ತೆಗೆದು, ಬೇಡವಾದಾಗ ಮಡಿಚಿಡುವ ಸ್ವಾತಂತ್ರ್ಯವಿದ್ದರೆ ಅದು ಹವ್ಯಾಸ. ರಾಟಿಯಲ್ಲಿ ಅತ್ತಿಗೆ ಆ ಸ್ವಾತಂತ್ರ್ಯವಿರಲಿಲ್ಲ.

ಎರಡನೆಯ ಪ್ರಶ್ನೆ ಉಣ್ಣೆಯದು. ಅದನ್ನು ಪುಕ್ಕಟೆ ಎಂದು ಹಿಡಿದೆ, ಏಕೆಂದರೆ ನಿಜವಾಗಿಯೂ ಪುಕ್ಕಟೆಯೇ ಸಿಕ್ಕಿತು. ಆರು ಕುರಿಯ ಉಣ್ಣೆ ಸಾಲದೆ ನೆರೆಮನೆಯ ಕುರಿಗಳನ್ನೂ ಮಾಮಾ ಕತ್ತರಿಸಿದರು. ಉಣ್ಣೆ ಒಯ್ಯುವುದಕ್ಕೆ ಅವರು ದುಡ್ಡು ಕೇಳಲಿಲ್ಲ, ಕತ್ತರಿಸಿದ್ದೇ ಉಪಕಾರ ಎಂದರು. ಇದನ್ನು ನಮ್ಮ ಪುಸ್ತಕದ ಭಾಷೆಯಲ್ಲಿ ಹೀಗೆ ಹೇಳಬಹುದು: ಕುರಿ ಎಂಬುದು ಜಾಯಿಂಟ್ ಪ್ರಾಡಕ್ಟಿನ ಕಾರ್ಖಾನೆ. ಒಂದೇ ಮೇವಿನಿಂದ ಮರಿ, ಮಾಂಸ, ಗೊಬ್ಬರ, ಉಣ್ಣೆ ನಾಲ್ಕೂ ಬರುತ್ತವೆ. ರಾತ್ರಿ ಹೊಲದಲ್ಲಿ ಮಂದೆ ಕೂರಿಸಿದರೆ ರೈತ ಕಾಳು ಅಥವಾ ಹಣ ಕೊಡುತ್ತಾನೆ. ಮಾಂಸದ ಬೆಲೆ ಏರುತ್ತ ಹೋಯಿತು. ಉಣ್ಣೆಯ ಬೆಲೆ ಬಿದ್ದು, ಎಷ್ಟೋ ಕಡೆ ಕತ್ತರಿಸುವ ಕೂಲಿಯೂ ಹುಟ್ಟದಂತಾಯಿತು. ಕತ್ತರಿಸದೆ ಬಿಟ್ಟರೆ ಕುರಿಗೆ ಉಣ್ಣಿ, ಹೇನಿನ ಕಾಟ. ಹೀಗೆ ಆದಾಯವಾಗಿದ್ದ ಉಣ್ಣೆ ಖರ್ಚಿನ ಬಾಬ್ತಾಯಿತು.

ಕುರಿಗಾರನೂ ಲೆಕ್ಕ ಬಲ್ಲವನೇ. ಆದ್ದರಿಂದ ಹಲವರು ಉಣ್ಣೆಯೇ ಇಲ್ಲದ, ಬರೀ ಕೂದಲಿನ ಮೈಯ ಕುರಿಗಳನ್ನು ಹಿಂಡಿಗೆ ಸೇರಿಸುತ್ತಿದ್ದಾರೆ. ರಾಯಚೂರು ಕಡೆಯ ಕೆಂಗುರಿ, ಆಂಧ್ರದ ನೆಲ್ಲೂರು ತಳಿ ಇಂಥವು. ಮಾಂಸ ಹೆಚ್ಚು, ಕತ್ತರಿಸುವ ರಗಳೆ ಇಲ್ಲ. ಇದರಲ್ಲಿ ತಪ್ಪೇನೂ ಕಾಣದು. ಆದರೆ ಇಂಥ ಟಗರು ಹಿಂಡಿಗೆ ಬಂದು ಕೆಲವು ಪೀಳಿಗೆ ಕಳೆದರೆ ಮರಿಗಳ ಮೈಯಲ್ಲಿ ಉಣ್ಣೆ ಉಳಿಯುವುದಿಲ್ಲ. ಮಗ್ಗ ಮುರಿದರೆ ಬಡಿಗ ಮತ್ತೊಂದು ಮಾಡಿಯಾನು, ಕುಣಿ ಮುಚ್ಚಿದರೆ ಮತ್ತೆ ತೋಡಬಹುದು. ಚಳಿ, ಮಳೆ, ದೂರದ ದಾರಿಯನ್ನು ತಾಳುವ ಕರಿ ಕುರಿ ಹೋದರೆ ಅದನ್ನು ಯಾವ ಬಡಿಗನೂ ಮಾಡಿಕೊಡಲಾರ.

ಕಡೆಗೆ ನಾನು ಮಾಮಾನಿಗೆ ಕೊಟ್ಟ ಹಾಳೆಯಲ್ಲಿ ಮೂರು ಸಾಲು ಇದ್ದವು. ಒಂದು, ಕಂಬಳಿ ಮಾರಿದ ದುಡ್ಡಿನಲ್ಲಿ ಮೊದಲು ನೂಲಿನ ಕೂಲಿ, ಗಂಟೆಗೆ 25ರಂತೆ 1,000 ರೂಪಾಯಿ, ಅತ್ತಿಯ ಕೈಗೆ. ಎರಡು, ಉಣ್ಣೆ ಕೊಟ್ಟವರಿಗೆ ಕಡಿಮೆಯಾದರೂ ಸರಿ, ಒಂದು ಬೆಲೆ. ಮೂರು, ಉಳಿದದ್ದು ಹವ್ಯಾಸದವರ ಪಾಲು. ಏನೂ ಉಳಿಯದಿದ್ದರೆ ಅದು ಅವರ ಖುಷಿಯ ಖರ್ಚು. ಮಾಮಾ ಎರಡು ಸಲ ಓದಿ, "ವರ್ಷಕ್ಕ ನಾಲ್ಕರ ಬದಲಿ ಎರಡ ನೇಯಬೇಕಾತು" ಅಂದರು. ಅತ್ತಿ ಏನೂ ಅನ್ನಲಿಲ್ಲ, ಮರುದಿನ ಪೆಟ್ಟಿಗೆಯಿಂದ ಹಳೆ ಸೀರೆಗಳನ್ನು ತೆಗೆದು ಬಿಸಿಲಿಗೆ ಹಾಕಿದರು. ಮಂಚದ ಮಾತು ಇನ್ನೂ ತೀರ್ಮಾನವಾಗಿಲ್ಲ.

ಸ್ನೇಹಿತರೇ, ಪೇಟೆಯಲ್ಲಿ ಘೊಂಗಡಿ ಕೊಳ್ಳುವ ಪ್ರಸಂಗ ಬಂದರೆ ಅಂಚಿನಿಂದ ಒಂದು ಎಳೆ ಕೇಳಿ ತೆಗೆದು ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಕರಿ ಉಳಿಯುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಉಣ್ಣೆಯೆಂದು ಗೊತ್ತಾದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: ನೂಲು ಕೈಯದೋ, ಮಿಲ್ಲಿನದೋ? ಕೈಯದಾದರೆ ಚೌಕಾಸಿಗೆ ಇಳಿಯುವ ಮೊದಲು ಆ 40 ಗಂಟೆಯನ್ನು ಮನಸ್ಸಿನಲ್ಲೇ ಒಂದು ಸಲ ಭಾಗಿಸಿ ನೋಡಿ.