ಟೆಲಿವಿಷನ್ನಿಗೆ ತಕ್ಕ ಅಂತರ್ಜಾಲ ಸಂಪರ್ಕವನ್ನು ಆರಿಸಿಕೊಳ್ಳುವ ಕ್ರಮ

ಅಡಿಕೆಯ ಅಥವಾ ಬತ್ತದ ಹಣ ಕೈಸೇರಿದ ಕಾಲದಲ್ಲಿ ಅನೇಕ ಒಕ್ಕಲು ಮನೆಗಳವರು ಹೊಸ ಟೆಲಿವಿಷನ್ನನ್ನೂ ಅದರೊಡನೆ ಅಂತರ್ಜಾಲದ ಸಂಪರ್ಕವನ್ನೂ ಪಡೆದುಕೊಳ್ಳುತ್ತಲಿದ್ದಾರೆ. ವರ್ಷದ ಬಾಡಿಗೆಯನ್ನು ಮುಂಗಡವಾಗಿ ತೆತ್ತರೆ ರಿಯಾಯಿತಿ ಉಂಟೆಂದು ಹೇಳಿದ ಮಾತ್ರಕ್ಕೆ ಇಡೀ ಹಣವನ್ನು ಒಮ್ಮೆಗೇ ಕೊಟ್ಟುಬಿಡುವವರೂ ಇದ್ದಾರೆ. ಮಳೆಗಾಲ ಹಿಡಿದು ಚಿತ್ರವು ನಿಂತು ನಿಂತು ಓಡತೊಡಗಿದ ಮೇಲೆ ಆ ಹಣವನ್ನು ಹಿಂದಕ್ಕೆ ಪಡೆಯುವುದು ಸುಲಭವಲ್ಲ. ಬಿತ್ತನೆಯ ಬೀಜವನ್ನು ಮೊಳಕೆ ನೋಡದೆ ಬಿತ್ತದಿರುವ ರೈತನು ಈ ಒಂದು ವಿಷಯದಲ್ಲಿ ಪರೀಕ್ಷೆಯಿಲ್ಲದೆ ಹಣ ಕೊಡುವುದು ಸೋಜಿಗವೇ ಸರಿ.

ಮೊದಲು ವಿಚಾರಿಸತಕ್ಕದ್ದು, ಇಂಥ ಸಂಪರ್ಕವು ಮನೆಗೆ ಅವಶ್ಯವೇ ಎಂಬುದನ್ನು. ವಾರ್ತೆ, ಚಂದನ ವಾಹಿನಿಯ ಕಾರ್ಯಕ್ರಮ ಇವಿಷ್ಟೇ ಸಾಕೆನ್ನುವ ಸಂಸಾರಕ್ಕೆ 2004ರಲ್ಲಿ ಆರಂಭವಾದ ದೂರದರ್ಶನದ ಉಚಿತ ಡಿಶ್ ಸಾಲುತ್ತದೆ. ಅದಕ್ಕೆ ತಿಂಗಳ ಬಾಡಿಗೆಯಿಲ್ಲ. ಬೇಕಾದ ಚಿತ್ರವನ್ನು ಬೇಕಾದ ಹೊತ್ತಿಗೆ ನೋಡಬೇಕೆನ್ನುವವರಿಗೆ ಮಾತ್ರ ಅಂತರ್ಜಾಲ ಬೇಕು. ಎರಡಕ್ಕೂ ಇರುವ ಭೇದವನ್ನು ಬೇಸಾಯಗಾರರು ಬೇಗ ಗ್ರಹಿಸಬಲ್ಲರು. ಡಿಶ್‌ಗೆ ಬರುವ ಪ್ರಸಾರವು ಮಳೆಯಂತೆ: ಊರಿನ ಎಲ್ಲ ಮನೆಗಳ ಮೇಲೂ ಒಂದೇ ಸಮನಾಗಿ ಸುರಿಯುತ್ತದೆ, ನೆರೆಯವನು ಹೆಚ್ಚು ನೋಡಿದನೆಂದು ನಮಗೆ ಕಡಮೆಯಾಗದು. ಅಂತರ್ಜಾಲದ ಚಿತ್ರವಾದರೋ ಕಾಲುವೆಯ ನೀರಿನಂತೆ. ಒಂದೊಂದು ಮನೆಯೂ ತನ್ನ ಪಾಲನ್ನು ಬೇರೆ ಬೇರೆಯಾಗಿ ಎಳೆದುಕೊಳ್ಳುವುದರಿಂದ, ಎಲ್ಲರೂ ಒಮ್ಮೆಗೇ ತೂಬು ತೆರೆದ ಹೊತ್ತಿನಲ್ಲಿ ಕೊನೆಭಾಗದವನಿಗೆ ಹರಿವು ಸಣ್ಣದಾಗುತ್ತದೆ.

ಒಂದು ಚಿತ್ರಕ್ಕೆ ಎಷ್ಟು ಹರಿವು ಬೇಕು? ಚಿತ್ರಗಳನ್ನು ಒದಗಿಸುವ ನೆಟ್‌ಫ್ಲಿಕ್ಸ್ ಸಂಸ್ಥೆಯವರು ಪೂರ್ಣ ಎಚ್.ಡಿ. ಚಿತ್ರಕ್ಕೆ ಸೆಕೆಂಡಿಗೆ 5 ಮೆಗಾಬಿಟ್, ಅತಿಸ್ಪಷ್ಟವಾದ 4ಕೆ ಚಿತ್ರಕ್ಕೆ 15 ಮೆಗಾಬಿಟ್ ಬೇಕೆಂದು ಸೂಚಿಸಿದ್ದಾರೆ. ಒಂದು 4ಕೆ ಟೆಲಿವಿಷನ್, ಅದೇ ವೇಳೆಗೆ ಮೂರು ಫೋನುಗಳಲ್ಲಿ ತಲಾ 3 ಮೆಗಾಬಿಟ್‌ನ ಚಿತ್ರ ಎಂದಿಟ್ಟುಕೊಂಡರೂ ಒಟ್ಟು 24 ಮೆಗಾಬಿಟ್ ಆಯಿತು. ಆದುದರಿಂದ ಸಾಧಾರಣ ಸಂಸಾರಕ್ಕೆ 30 ಅಥವಾ 40 ಮೆಗಾಬಿಟ್‌ನ ಸಂಪರ್ಕವು ಧಾರಾಳವಾಯಿತು. 300ರದನ್ನು ಕೊಂಡರೆ ಚಿತ್ರವೇನೂ ಹತ್ತು ಪಟ್ಟು ಚೆನ್ನಾಗದು. ಇಲ್ಲಿ ಒಂದು ಎಚ್ಚರಿಕೆ: ಬಿಟ್ ಬೇರೆ, ಬೈಟ್ ಬೇರೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ವೇಗವನ್ನು ಬಿಟ್‌ಗಳಲ್ಲಿಯೂ, ಬಳಸಿದ ಮೊತ್ತವನ್ನು ಬೈಟ್‌ಗಳಲ್ಲಿಯೂ ಹೇಳುವುದು ವಾಡಿಕೆ.

ಜಾಹೀರಾತಿನಲ್ಲಿ ಅಂಕಿಗಿಂತ ಮುಖ್ಯವಾದ ಮಾತು ಅದರ ಮುಂದಿರುವ ‘ವರೆಗೆ’ ಎಂಬುದು. ‘100 ಮೆಗಾಬಿಟ್‌ವರೆಗೆ’ ಎಂದರೆ ಅದು ಮೇಲಿನ ಮಿತಿಯೇ ಹೊರತು ಸದಾ ದೊರೆಯುವ ಹರಿವಲ್ಲ. ಬ್ರಾಡ್‌ಬ್ಯಾಂಡ್ ಎಂಬ ಹೆಸರಿಗೆ ಭಾರತ ಸರ್ಕಾರವು 2023ರಲ್ಲಿ ಗೊತ್ತುಮಾಡಿದ ಕನಿಷ್ಠ ವೇಗವು 2 ಮೆಗಾಬಿಟ್ ಮಾತ್ರ. ಅದರಲ್ಲಿ ಒಂದು ಒಳ್ಳೆಯ ಚಿತ್ರವೂ ಓಡದು. ಆದಕಾರಣ ಹೆಸರನ್ನೂ ಮೇಲಿನ ಮಿತಿಯನ್ನೂ ನೆಚ್ಚದೆ, ರಾತ್ರಿ ಏಳರಿಂದ ಹತ್ತರವರೆಗೆ, ಊರೆಲ್ಲ ನೋಡುವ ಹೊತ್ತಿನಲ್ಲಿ, ಎಷ್ಟು ನಿಲ್ಲುತ್ತದೆಂಬುದನ್ನೇ ನೋಡತಕ್ಕದ್ದು.

ಹರಿವಿನ ಏರಿಳಿತವನ್ನು ತಾಳಲು ಟೆಲಿವಿಷನ್ನಿನಲ್ಲಿಯೇ ಒಂದು ಉಪಾಯವುಂಟು. ಬೋರ್‌ವೆಲ್ಲಿನ ನೀರನ್ನು ತೊಟ್ಟಿಯಲ್ಲಿ ತುಂಬಿ ಅಲ್ಲಿಂದ ತೋಟಕ್ಕೆ ಬಿಡುವಂತೆ, ಅದು ಮುಂದಿನ ಸ್ವಲ್ಪ ಭಾಗವನ್ನು ಮೊದಲೇ ತುಂಬಿಕೊಂಡು ತೋರಿಸುತ್ತದೆ. ಹರಿವು ಇಳಿದರೆ ಮೊದಲು ಚಿತ್ರ ಮಸುಕಾಗುತ್ತದೆ, ತೊಟ್ಟಿ ಬರಿದಾದ ಮೇಲೆ ನಿಲ್ಲುತ್ತದೆ. ನೇರವಾಗಿ ತೋರಿಸುವ ಕ್ರಿಕೆಟ್ ಆಟಕ್ಕೆ ಈ ತೊಟ್ಟಿ ಬಹಳ ಚಿಕ್ಕದು. ಸಿನಿಮಾ ಚೆನ್ನಾಗಿ ಓಡುವ ಮನೆಯಲ್ಲಿಯೂ ಆಟದ ಕೊನೆಯ ಓವರಿಗೆ ಸರಿಯಾಗಿ ಚಿತ್ರ ನಿಲ್ಲುವುದು ಇದರಿಂದಲೇ.

ಇನ್ನು ಮೊತ್ತದ ವಿಚಾರ. 5 ಮೆಗಾಬಿಟ್‌ನಂತೆ ಒಂದು ಗಂಟೆ ಹರಿದರೆ 2.25 ಗಿಗಾಬೈಟ್ ಆಗುತ್ತದೆ. ದಿನಕ್ಕೆ ಮೂರು ಗಂಟೆಯಂತೆ ತಿಂಗಳಿಗೆ ಸುಮಾರು 200 ಗಿಗಾಬೈಟ್. ದಿನಕ್ಕೆ 2 ಗಿಗಾಬೈಟ್‌ನ ಫೋನ್ ರೀಚಾರ್ಜಿನಿಂದ ಟೆಲಿವಿಷನ್ ನೋಡುವೆನೆಂಬುವನಿಗೆ ಒಂದು ಗಂಟೆಯೂ ಪೂರೈಸದು. ‘ಅಪರಿಮಿತ’ ಎಂಬ ಸಂಪರ್ಕಗಳಿಗೂ ಒಂದು ಮಿತಿಯಿದ್ದು, ಅದು ದಾಟಿದೊಡನೆ ವೇಗವನ್ನು ತಗ್ಗಿಸುವ ಷರತ್ತು ಸಣ್ಣ ಅಕ್ಷರದಲ್ಲಿರುವುದುಂಟು; ಓದಿಸಿ ಕೇಳಬೇಕು.

ಸಂಪರ್ಕಗಳ ಪೈಕಿ ಗಾಜಿನೆಳೆಯಲ್ಲಿ ಬೆಳಕನ್ನು ಹರಿಸುವ ಫೈಬರ್ ಸಂಪರ್ಕವೇ ಮೇಲಾದುದು. ಮಳೆ, ಮಂಜು, ದೂರ ಇವು ಅದನ್ನು ಕುಂದಿಸವು. ಭಾರತ್‌ನೆಟ್ ಎಂದು ಈಗ ಕರೆಯಲ್ಪಡುವ, 2011ರಲ್ಲಿ ಮಂಜೂರಾದ ಯೋಜನೆಯ ಉದ್ದೇಶವು ಇದನ್ನು ಗ್ರಾಮ ಪಂಚಾಯಿತಿಗಳಿಗೆ ಮುಟ್ಟಿಸುವುದಾಗಿದೆ. ಆದರೆ ಪಂಚಾಯಿತಿ ಕಚೇರಿಗೆ ಎಳೆ ಬಂದಿತೆಂದರೆ ಎರಡು ಮೈಲಿ ಆಚೆಯ ತೋಟದ ಮನೆಗೂ ಬಂದಿತೆಂದು ಅರ್ಥವಲ್ಲ. ಮಲೆನಾಡಿನಲ್ಲಿ ಎಳೆಯು ಮರದಿಂದ ಮರಕ್ಕೆ ಹಾದುಬರುವುದರಿಂದ ಆಷಾಢದ ಗಾಳಿಗೆ ಕೊಂಬೆ ಬಿದ್ದು ಹರಿಯುವುದೂ, ಇಲಿ ಕಡಿಯುವುದೂ ಉಂಟು. ಆಗ ಬೆಸೆಯುವವನು ಎಷ್ಟು ದಿನಕ್ಕೆ ಬರುವನೆಂಬುದನ್ನು ಕಂಪೆನಿಯವರಲ್ಲಿ ಕೇಳುವುದಕ್ಕಿಂತ ಅದೇ ಸಾಲಿನ ನೆರೆಮನೆಯಲ್ಲಿ ಕೇಳುವುದು ಲೇಸು.

ಫೈಬರ್ ಬಾರದ ಕಡೆ ಗೋಪುರದಿಂದ ಗಾಳಿಯ ಮೂಲಕ ಬರುವ 5ಜಿ ಸಂಪರ್ಕವನ್ನು ಮಾಡಿನ ಮೇಲಿನ ಪೆಟ್ಟಿಗೆಯಿಂದ ಹಿಡಿಯಬಹುದು. ಗೋಪುರವು ಬಯಲಿನಲ್ಲಿ ಕಾಣುವಂತಿದ್ದರೆ ಇದು ಚೆನ್ನಾಗಿಯೇ ನಡೆಯುತ್ತದೆ. ನಡುವೆ ಅಡಿಕೆಯ ಅಥವಾ ತೆಂಗಿನ ತೋಟವಿದ್ದರೆ ಮಾತ್ರ ಎಚ್ಚರ ಬೇಕು, ಏಕೆಂದರೆ ಇಂಥ ಅಲೆಗಳನ್ನು ಎಲೆಗಳು ತಡೆಯುತ್ತವೆ, ತೊಯ್ದ ಎಲೆಗಳು ಇನ್ನೂ ಹೆಚ್ಚಾಗಿ ತಡೆಯುತ್ತವೆ. ಮಾರ್ಚಿಯಲ್ಲಿ ಮಾಡಿದ ಪರೀಕ್ಷೆ ಜುಲೈಗೆ ಸಾಕ್ಷಿಯಾಗದು. ಈ ಬಗೆಯ ಸಂಪರ್ಕಕ್ಕೆ ವರ್ಷದ ಮುಂಗಡವನ್ನು ಕೊಡದೆ, ಒಂದು ಮಳೆಗಾಲ ಕಳೆಯುವವರೆಗೆ ತಿಂಗಳ ಲೆಕ್ಕದಲ್ಲಿ ತೆರುವುದು ವಿಹಿತ. ರಿಯಾಯಿತಿ ಹೋದರೆ ಹೋಗಲಿ. ಬಾಡಿಗೆಯ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. ಬೀಳುತ್ತದೆ, ಹೇಳಿದ ದರದಲ್ಲಿ ಅದು ಸೇರಿದೆಯೇ, ಪೆಟ್ಟಿಗೆಯ ಠೇವಣಿ ಹಿಂದಕ್ಕೆ ಬರುವುದೇ ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಮನೆಯ ಬಾಗಿಲವರೆಗೆ ಬಂದ ಹರಿವು ಒಳಗೆ ಸೋರಿಹೋಗುವುದು ಬಹಳ ಸಾಮಾನ್ಯ. ರೂಟರ್ ಎಂಬ ಪೆಟ್ಟಿಗೆಯನ್ನು ಮುಂದಿನ ಜಗಲಿಯಲ್ಲಿ ಮೊಳೆಹೊಡೆದು ತೂಗಿಸಿ, ಟೆಲಿವಿಷನ್ನನ್ನು ಮೂರು ಗೋಡೆ ದಾಟಿದ ನಡುಮನೆಯಲ್ಲಿಟ್ಟರೆ ಕಂಪೆನಿಯವರನ್ನು ದೂರಿ ಫಲವಿಲ್ಲ. ವೈಫೈಯ 5 ಗಿಗಾಹರ್ಟ್ಸ್ ಅಲೆಯು ವೇಗವುಳ್ಳದ್ದಾದರೂ ದಪ್ಪ ಗೋಡೆಗೆ ಸೋಲುತ್ತದೆ; 2.4ರದು ದೂರ ಹೋಗುತ್ತದೆ, ಆದರೆ ನಿಧಾನ. ಕಲ್ಲಿನ ಮನೆಗಳಲ್ಲಿ ರೂಟರಿನಿಂದ ಟೆಲಿವಿಷನ್ನಿಗೆ ನೇರವಾಗಿ ಒಂದು ಲ್ಯಾನ್ ಕೇಬಲ್ಲನ್ನು ಎಳೆಸುವುದೇ ಉತ್ತಮ. ಕೆಲವು ನೂರು ರೂಪಾಯಿಗಳ ಈ ತಂತಿಯಿಂದ ನಿವಾರಣೆಯಾಗುವ ತೊಂದರೆಗಾಗಿ ಜನರು ಹೆಚ್ಚಿನ ಬಾಡಿಗೆಯ ಸಂಪರ್ಕವನ್ನು ಕೊಳ್ಳುವುದುಂಟು.

ಪರೀಕ್ಷೆಯ ಕ್ರಮವೂ ಕಠಿಣವಲ್ಲ. ಅದೇ ಕಂಪೆನಿಯ ಸಂಪರ್ಕವಿರುವ ನೆರೆಮನೆಯಲ್ಲಿ, ಬೇರೆ ಬೇರೆ ಮೂರು ದಿನ ರಾತ್ರಿ ಎಂಟು ಗಂಟೆಗೆ, ಟೆಲಿವಿಷನ್ನಿನ ಪಕ್ಕದಲ್ಲಿಯೇ ನಿಂತು, ಫೋನನ್ನು ಆ ಮನೆಯ ವೈಫೈಗೆ ಸೇರಿಸಿ ವೇಗವನ್ನು ಅಳೆಯಬೇಕು. ಮೂರರಲ್ಲಿ ಅತಿ ಕಡಮೆಯಾದ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯತಕ್ಕದ್ದು. ಅದು 20ಕ್ಕಿಂತ ಮೇಲಿದ್ದು ಮನೆಯಲ್ಲಿ ಒಂದೇ ಎಚ್.ಡಿ. ಟೆಲಿವಿಷನ್ನು ಇದ್ದರೆ ಮುಂದುವರಿಯಬಹುದು.

ಕರೆಂಟು ಹೋದಾಗ ರೂಟರೂ ನಿಲ್ಲುತ್ತದೆ. ಅನೇಕ ರೂಟರುಗಳು 12 ವೋಲ್ಟಿನವಾದುದರಿಂದ ಅವಕ್ಕೆಂದೇ ಮಾರುವ ಚಿಕ್ಕ ಯು.ಪಿ.ಎಸ್. ಸಾಕು, ವೋಲ್ಟನ್ನು ಪೆಟ್ಟಿಗೆಯ ಕೆಳಗಿನ ಚೀಟಿಯಲ್ಲಿ ನೋಡಿ ಕೊಳ್ಳಬೇಕು. ಗಾಜಿನೆಳೆಯು ತಾನು ಸಿಡಿಲನ್ನು ಒಯ್ಯದಾದರೂ, ಅದರೊಡನೆ ಬಲಕ್ಕಾಗಿ ಸೇರಿಸಿದ ಉಕ್ಕಿನ ಎಳೆಯೂ ಕರೆಂಟಿನ ತಂತಿಯೂ ಒಯ್ಯುತ್ತವೆ. ಗುಡುಗು ದೂರದಲ್ಲಿರುವಾಗಲೇ ರೂಟರನ್ನೂ ಟೆಲಿವಿಷನ್ನನ್ನೂ ಪ್ಲಗ್ಗಿನಿಂದ ಕಳಚಿಡತಕ್ಕದ್ದು. ಸಿಡಿಲು ತಲೆಯ ಮೇಲೆ ಬಂದ ಮೇಲೆ ತಂತಿಗಳನ್ನು ಮುಟ್ಟಕೂಡದು.